ಹಿಮದ ಬೆಟ್ಟದಲ್ಲಿ ಉಳಿದ ನೌಕಾ ವೈಮಾನಿಕ

ನೌಕಾಪಡೆ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಹಡಗು, ಲಂಗರು, ಕಡಲು. ವಿಮಾನ ಎಂದೊಡನೆ ನೆನಪಾಗುವುದು ವಾಯುಪಡೆ. ಹಡಗಿನ ಮೇಲೆ ವಾಸ, ಆಕಾಶದಲ್ಲಿ ದುಡಿಮೆ, ದುಡಿಮೆ ಮುಗಿದ ಮೇಲೆ ಮತ್ತೆ ಅದೇ ಹಡಗಿಗೆ ಬಂದಿಳಿಯುವುದು, ಹೀಗೆ ಬದುಕುವ ನೌಕಾ ವೈಮಾನಿಕನ ಪರಿಚಯ ಬಯಲುಸೀಮೆಯ ಜನಕ್ಕೆ ಅಷ್ಟಾಗಿ ಇಲ್ಲ. ಭಾರತದ ನೌಕಾಪಡೆಗೆ ಮೊದಲನೆಯ ವಿಮಾನವಾಹಕ ನೌಕೆಯಾಗಿ ‘ವಿಕ್ರಾಂತ್’ ಸೇರಿದ್ದು ೧೯೬೧ರಲ್ಲಿ. ೧೯೭೧ರ ಯುದ್ಧದಲ್ಲಿ ಅದರ ವಿಮಾನಗಳು ಬಂಗಾಳ ಕೊಲ್ಲಿಯಿಂದ ಹಾರಿ ಹೋರಾಡಿದುವು. ೨೦೧೪ರ ಆರಂಭದಲ್ಲಿ ‘ವಿಕ್ರಮಾದಿತ್ಯ’ವು ಕಾರವಾರದ ನೌಕಾನೆಲೆಗೆ ಬಂದಾಗ ಇಂತಹ ಹಡಗು ಕನ್ನಡ ನಾಡಿನ ತೀರದಲ್ಲಿಯೇ ನೆಲೆಯೂರಿದಂತಾಯಿತು. ಈ ವೃತ್ತಿಯ ಕಾಠಿಣ್ಯವೆಂತಹದು, ಅದರಲ್ಲಿ ಪ್ರಾಣ ತೆತ್ತವನ ನೆನಪು ಹೇಗೆ ಉಳಿಯುತ್ತದೆ ಎಂಬುದನ್ನು ತಿಳಿಯಲು ಅಮೇರಿಕೆಯ ಜೆಸ್ಸಿ ಬ್ರೌನನ ಚರಿತ್ರೆಗಿಂತ ತಕ್ಕುದು ಇನ್ನೊಂದು ಸಿಗಲಾರದು. ಆತನು ಆ ದೇಶದ ನೌಕಾಪಡೆಯ ತರಬೇತಿಯನ್ನು ಪೂರೈಸಿ ವೈಮಾನಿಕನಾದ ಕಪ್ಪು ಜನಾಂಗದ ಮೊದಲನೆಯ ತರುಣ. ೧೯೫೦ರ ಡಿಸೆಂಬರ್ ೪ರಂದು ಕೊರಿಯಾದ ಯುದ್ಧದಲ್ಲಿ ಮಡಿದಾಗ ಆತನ ವಯಸ್ಸು ಇಪ್ಪತ್ತನಾಲ್ಕು.

ಮೊದಲು ಕೆಲಸದ ವಿಷಯ. ಬ್ರೌನನು ಸೇವೆ ಸಲ್ಲಿಸಿದ ‘ಲೇಟೆ’ ಎಂಬ ವಿಮಾನವಾಹಕದ ಉದ್ದ ಸುಮಾರು ೮೯೦ ಅಡಿ. ನೆಲದ ಮೇಲೆ ನಿಂತು ನೋಡಿದರೆ ಇದು ಬಹಳ ದೊಡ್ಡದು. ಮೇಲಿನಿಂದ ನೋಡುವ ವೈಮಾನಿಕನಿಗೆ ಬೆಂಕಿಪೆಟ್ಟಿಗೆಯಷ್ಟು. ಸಾಲದುದಕ್ಕೆ ಆ ನೆಲ ನಿಂತಲ್ಲಿ ನಿಲ್ಲದು. ಹಡಗು ಗಾಳಿಗೆದುರಾಗಿ ಧಾವಿಸುತ್ತಿರುತ್ತದೆ, ಅಲೆಗಳೊಡನೆ ಏಳುತ್ತದೆ, ಬೀಳುತ್ತದೆ. ಇಳಿಯುವ ವಿಮಾನದ ಬಾಲದಲ್ಲಿ ಒಂದು ಕೊಕ್ಕೆ. ಹಡಗಿನ ಅಟ್ಟದ ಮೇಲೆ ಅಡ್ಡಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಗಳು. ಆ ಕೊಕ್ಕೆಯು ಈ ಹಗ್ಗಗಳಲ್ಲಿ ಒಂದನ್ನು ಹಿಡಿದರೆ ವಿಮಾನ ನಿಂತಿತು. ಹಿಡಿಯದಿದ್ದರೆ ಮುಂದಿನ ತಡೆಬಲೆಗೆ ಹೋಗಿ ಬಡಿಯಬೇಕು. ಹಡಗಿನ ಹಿಂತುದಿಯಲ್ಲಿ ಒಬ್ಬ ಅಧಿಕಾರಿಯು ಎರಡು ಕೈಗಳಲ್ಲಿಯೂ ಬಣ್ಣದ ಹಲಗೆಗಳನ್ನು ಹಿಡಿದು, ಎತ್ತರ ಹೆಚ್ಚಾಯಿತು, ಕಡಿಮೆಯಾಯಿತು, ಈಗ ಯಂತ್ರವನ್ನು ನಿಲ್ಲಿಸು ಎಂದು ಸನ್ನೆಮಾಡುತ್ತಿದ್ದನು. ವೈಮಾನಿಕನು ತನ್ನ ಕಣ್ಣಿಗಿಂತ ಹೆಚ್ಚಾಗಿ ಆ ಅಧಿಕಾರಿಯ ಕೈಗಳನ್ನೇ ನಂಬಬೇಕಾಗಿತ್ತು.

ಬ್ರೌನನು ನಡೆಸುತ್ತಿದ್ದ ವಿಮಾನದ ಹೆಸರು ‘ಕೋರ್ಸೇರ್’. ಎರಡು ಸಾವಿರ ಅಶ್ವಶಕ್ತಿಗೂ ಮಿಕ್ಕ ಒಂದೇ ಯಂತ್ರ, ಹದಿಮೂರು ಅಡಿ ಅಗಲದ ತಿರುಗುರೆಕ್ಕೆ. ಆ ತಿರುಗುರೆಕ್ಕೆ ನೆಲಕ್ಕೆ ತಾಗಬಾರದೆಂದು ವಿಮಾನದ ರೆಕ್ಕೆಗಳನ್ನು ಕಡಲಕ್ಕಿಯ ರೆಕ್ಕೆಯನ್ನು ತಲೆಕೆಳಗು ಮಾಡಿದಂತೆ ಬಾಗಿಸಿದ್ದರು. ಯಂತ್ರವಿರುವ ಮೂತಿ ಬಹಳ ಉದ್ದ. ವೈಮಾನಿಕನ ಆಸನವೋ ಬಹಳ ಹಿಂದೆ. ಆದಕಾರಣ ಇಳಿಯುವ ಹೊತ್ತಿನಲ್ಲಿ ಮುಂದಿನ ಹಡಗೇ ಕಾಣುತ್ತಿರಲಿಲ್ಲ. ಹೊಸಬರ ಪಾಲಿಗೆ ಈ ವಿಮಾನ ಮೃತ್ಯುವೆಂಬ ಅಪಖ್ಯಾತಿಯೂ ಇತ್ತು. ಪಳಗಿದವರ ಕೈಯಲ್ಲಿ ಅದು ಭೂಸೈನ್ಯಕ್ಕೆ ಬೆಂಬಲವಾಗಿ ಕೆಳಕ್ಕೆ ಬಂದು ಹೊಡೆಯುವ ಭಯಂಕರ ಅಸ್ತ್ರವಾಗಿತ್ತು. ಕೆಳಕ್ಕೆ ಬಂದಷ್ಟೂ ನೆಲದ ಮೇಲಿನ ಸಾಮಾನ್ಯ ಸಿಪಾಯಿಯ ಬಂದೂಕಿನ ಗುಂಡಿಗೂ ಅದು ಗುರಿಯಾಗುತ್ತಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಜೆಸ್ಸಿ ಲೆರಾಯ್ ಬ್ರೌನನು ೧೯೨೬ರ ಅಕ್ಟೋಬರ್ ೧೩ರಂದು ಅಮೇರಿಕೆಯ ದಕ್ಷಿಣ ಭಾಗದ ಮಿಸಿಸಿಪಿ ರಾಜ್ಯದ ಹ್ಯಾಟಿಸ್‌ಬರ್ಗ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಜಾನ್ ಬ್ರೌನ್; ತಾಯಿ ಜೂಲಿಯಾ ಶಾಲಾ ಶಿಕ್ಷಕಿಯಾಗಿದ್ದವಳು. ಅನ್ಯರ ಹೊಲವನ್ನು ಪಾಲಿಗೆ ಮಾಡಿ ಜೀವಿಸುತ್ತಿದ್ದ ಒಕ್ಕಲು ಮನೆತನ ಅದು. ಬೆಳೆಯಲ್ಲಿ ಒಂದು ಪಾಲು ಒಡೆಯನಿಗೆ, ಉಳಿದುದರಲ್ಲಿ ಸಾಲಕ್ಕೆ ಒಂದು ಪಾಲು, ಅದರಿಂದಾಚೆಗೆ ಮಿಕ್ಕರೆ ಮನೆಗೆ. ಉತ್ತರ ಕರ್ನಾಟಕದ ಹಿರಿಯರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇದರ ಮೇಲೆ ಆ ರಾಜ್ಯದ ಕಾನೂನೇ ಕಪ್ಪು ಜನಾಂಗದವರನ್ನು ಬೇರೆಯಾಗಿ ಇರಿಸಿತ್ತು. ಅವರ ಮಕ್ಕಳಿಗೆ ಬೇರೆ ಶಾಲೆ, ರೈಲಿನಲ್ಲಿ ಬೇರೆ ಡಬ್ಬಿ, ಕುಡಿಯುವ ನೀರಿಗೆ ಬೇರೆ ನಲ್ಲಿ.

ಹೊಲದ ಮೇಲೆ ಹಾರಿಹೋಗುವ ವಿಮಾನಗಳನ್ನು ನೋಡಿ ಬಾಲಕನಿಗೆ ವೈಮಾನಿಕನಾಗುವ ಹಂಬಲ ಹುಟ್ಟಿತು. ಪತ್ರಿಕೆಗಳನ್ನು ಮನೆಮನೆಗೆ ಹಂಚುವ ಕೆಲಸ ಮಾಡುತ್ತಿದ್ದಾಗ ಅವುಗಳಲ್ಲಿಯೇ ಆತನು ತನ್ನ ಜನಾಂಗದವರೂ ವಿಮಾನ ಹಾರಿಸಿದ್ದಾರೆಂಬುದನ್ನು ಓದಿದನು. ೧೯೩೭ರಲ್ಲಿ, ಇನ್ನೂ ಹತ್ತು ಹನ್ನೊಂದರ ವಯಸ್ಸಿನಲ್ಲಿ, ಅಧ್ಯಕ್ಷ ರೂಸ್‌ವೆಲ್ಟರಿಗೇ ಕಾಗದ ಬರೆದನು: ಸೈನ್ಯದ ವಿಮಾನದಳದಲ್ಲಿ ತನ್ನ ಜನಕ್ಕೆ ಪ್ರವೇಶವಿಲ್ಲದಿರುವುದು ಅನ್ಯಾಯವೆಂದು. ಅಧ್ಯಕ್ಷರ ಕಛೇರಿಯಿಂದ ಉತ್ತರವೂ ಬಂದಿತು. ತಮ್ಮ ಅಭಿಪ್ರಾಯವನ್ನು ಗೌರವಿಸಲಾಗಿದೆ ಎಂಬ ಸೌಜನ್ಯದ ಮಾತು ಅದರಲ್ಲಿತ್ತು. ಅದರಿಂದ ಕಾರ್ಯವೇನೂ ಆಗಲಿಲ್ಲ. ಆದರೂ ಅಂತಹ ಮನೆಯ ಮಗುವೊಂದು ದೇಶದ ಅಧ್ಯಕ್ಷರನ್ನು ಪ್ರಶ್ನಿಸುವಷ್ಟು ಅಕ್ಷರವನ್ನೂ ಧೈರ್ಯವನ್ನೂ ಸಂಪಾದಿಸಿಕೊಂಡಿದ್ದುದು ಸಣ್ಣ ಸಂಗತಿಯಲ್ಲ.

ಆತನು ಓದಿದ್ದು ಹ್ಯಾಟಿಸ್‌ಬರ್ಗಿನ ಯುರೇಕಾ ಶಾಲೆಯಲ್ಲಿ. ೧೯೨೧ರಲ್ಲಿ ಕಪ್ಪು ಜನಾಂಗದ ಮಕ್ಕಳಿಗಾಗಿ ಕಟ್ಟಿಸಿದ ಇಟ್ಟಿಗೆಯ ಕಟ್ಟಡವದು. ೧೯೪೪ರಲ್ಲಿ ತರಗತಿಗೆ ಎರಡನೆಯವನಾಗಿ ತೇರ್ಗಡೆಯಾಗಿ, ಉತ್ತರದ ಓಹಾಯೋ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೊರಟಾಗ ಶಾಲೆಯ ಮುಖ್ಯಸ್ಥರಾದ ನಥಾನಿಯಲ್ ಬರ್ಗರ್ ಆತನಿಗೊಂದು ಪತ್ರ ಬರೆದರು. ಬಿಳಿಯರೇ ತುಂಬಿರುವ ವಿಶ್ವವಿದ್ಯಾಲಯವನ್ನು ಪ್ರವೇಶಿಸುತ್ತಿರುವ ತಮ್ಮ ಶಾಲೆಯ ಮೊದಲ ವಿದ್ಯಾರ್ಥಿ ಆತನೆಂದೂ, ಆದ್ದರಿಂದ ಆತನೇ ಶಾಲೆಯವರೆಲ್ಲರ ನಾಯಕನೆಂದೂ ಅದರ ಭಾವ. ಅಲ್ಲಿ ಬ್ರೌನನು ವಾಸ್ತುಶಿಲ್ಪದ ಇಂಜಿನಿಯರಿಂಗ್ ಓದಿದನು. ಹಗಲು ತರಗತಿ, ರಾತ್ರಿ ರೈಲ್ವೆಯ ಸರಕು ಡಬ್ಬಿಗಳಿಗೆ ಹೊರೆ ಹೇರುವ ಕೂಲಿ. ಪ್ರಸಾದ ನಿಲಯದ ಅನ್ನವುಂಡು ಓದಿ ಮುಂದೆ ಬಂದವರಿಗೆ, ಅಂತಹ ಆಶ್ರಯವೂ ಇಲ್ಲದೆ ನಡೆಸಿದ ಈ ವಿದ್ಯಾರ್ಥಿ ಜೀವನದ ಭಾರ ಬೇಗ ಅರ್ಥವಾದೀತು.

ನೌಕಾಪಡೆಯು ವಿದ್ಯಾರ್ಥಿಗಳನ್ನು ವೈಮಾನಿಕ ತರಬೇತಿಗೆ ಆರಿಸುತ್ತಿದೆಯೆಂದು ತಿಳಿದಾಗ ಬ್ರೌನನು ಅರ್ಜಿ ಹಾಕಿದನು. ನೌಕಾಪಡೆಯ ವಿಮಾನದಲ್ಲಿ ಕಪ್ಪು ಮನುಷ್ಯ ಕೂರುವುದು ಆಗದ ಮಾತೆಂದು ಆತನಿಗೆ ಮುಖಕ್ಕೆ ಹೇಳಿದವರುಂಟು. ಪರೀಕ್ಷೆಗಳಲ್ಲಿ ಆತನು ಉತ್ತೀರ್ಣನಾದುದರಿಂದ ನಿರಾಕರಿಸಲು ದಾರಿಯಿಲ್ಲದಾಯಿತು. ೧೯೪೬ರ ಜುಲೈ ೮ರಂದು ಸೇರಿ, ಇಲಿನಾಯ್ ರಾಜ್ಯದ ಗ್ಲೆನ್‌ವ್ಯೂ, ಅಯೋವಾದ ಅಟಮ್ವಾ, ಬಳಿಕ ಫ್ಲಾರಿಡಾದ ಪೆನ್ಸಕೋಲಾ ಕೇಂದ್ರಗಳಲ್ಲಿ ಶಿಕ್ಷಣ ಪಡೆದನು. ಗ್ಲೆನ್‌ವ್ಯೂನಲ್ಲಿ ಆತನಿಗೆ ದೊರೆತ ಶಿಕ್ಷಕ ರೋಲೆಂಡ್ ಕ್ರಿಸ್ಟೆನ್‌ಸನ್. ಬಣ್ಣವನ್ನು ಲೆಕ್ಕಿಸದೆ ಶಿಷ್ಯನ ಕೈಯನ್ನು ಮಾತ್ರ ನೋಡಿ ಕಲಿಸಿದ ಗುರು. ಆ ಹಂತದಲ್ಲಿ ಇನ್ನೊಬ್ಬರ ಕೈಗೆ ಸಿಕ್ಕಿದ್ದರೆ ಜೆಸ್ಸಿಯ ಹಾರಾಟ ಅಲ್ಲಿಗೇ ನಿಂತುಬಿಡುವ ಸಂಭವವಿತ್ತು. ಮುಂದೆ ಪೆನ್ಸಕೋಲಾದಲ್ಲಿ ಎಲ್ಲರೂ ಅಂಥವರಾಗಿರಲಿಲ್ಲ. ಹೀಯಾಳಿಕೆ, ಒಂಟಿತನ ಎರಡನ್ನೂ ಆತನು ನುಂಗಿಕೊಂಡನು.

ತರಬೇತಿಯಲ್ಲಿರುವವರು ವಿವಾಹವಾಗಬಾರದೆಂಬುದು ನಿಯಮ. ೧೯೪೭ರ ಅಕ್ಟೋಬರಿನಲ್ಲಿ ಬ್ರೌನನು ತನ್ನ ಊರಿನ ಡೇಸಿ ನಿಕ್ಸ್ ಎಂಬಾಕೆಯನ್ನು ಗುಟ್ಟಾಗಿ ಮದುವೆಯಾದನು. ಬಯಲಾಗಿದ್ದರೆ ಎಲ್ಲವೂ ಮಣ್ಣುಪಾಲಾಗುತ್ತಿತ್ತು. ೧೯೪೮ರ ಜುಲೈ ೨೬ರಂದು ಅಧ್ಯಕ್ಷ ಟ್ರೂಮನ್ನರು ಸೈನ್ಯದಲ್ಲಿ ಜನಾಂಗಭೇದವನ್ನು ಅಳಿಸುವ ಆಜ್ಞೆ ಹೊರಡಿಸಿದರು. ಅದೇ ವರ್ಷ ಅಕ್ಟೋಬರ್ ೨೧ರಂದು ಬ್ರೌನನ ಎದೆಯ ಮೇಲೆ ವೈಮಾನಿಕನ ಚಿನ್ನದ ರೆಕ್ಕೆಗಳು ಏರಿದುವು. ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ೧೯೪೯ರಲ್ಲಿ ಅಧಿಕಾರಿಯ ಪದವಿ ದೊರೆತು, ಮೂವತ್ತೆರಡನೆಯ ಸಂಖ್ಯೆಯ ಯುದ್ಧವಿಮಾನ ದಳಕ್ಕೆ ಆತನ ನೇಮಕವಾಯಿತು.

ಆ ದಳಕ್ಕೆ ೧೯೪೯ರ ಕೊನೆಯಲ್ಲಿ ಬಂದು ಸೇರಿದವನು ಥಾಮಸ್ ಹಡ್ನರ್. ಬ್ರೌನನಿಗಿಂತ ಎರಡು ವರ್ಷ ಹಿರಿಯ. ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಎಂಬ ಊರಿನ ಅನುಕೂಲಸ್ಥ ವರ್ತಕರ ಮಗ, ಹೆಸರಾಂತ ಶಾಲೆಯಲ್ಲಿ ಓದಿದವನು, ೧೯೪೬ರಲ್ಲಿ ನೌಕಾ ಅಕಾಡೆಮಿಯಿಂದ ಹೊರಬಂದವನು. ಆ ಅಕಾಡೆಮಿಯಲ್ಲಿ ಆಗಿನ್ನೂ ಕಪ್ಪು ಜನಾಂಗದ ಒಬ್ಬ ವಿದ್ಯಾರ್ಥಿಯೂ ಪದವೀಧರನಾಗಿರಲಿಲ್ಲ. ಪದವಿಯಲ್ಲಿ ಹಡ್ನರನು ಬ್ರೌನನಿಗಿಂತ ಮೇಲು. ಆದರೆ ದಳದ ಹಾರಾಟದಲ್ಲಿ ಅನುಭವಕ್ಕೆ ಮನ್ನಣೆ. ಆದುದರಿಂದ ಇಬ್ಬರ ಜೋಡಿಯಲ್ಲಿ ಮುಂದಾಳು ಬ್ರೌನ್, ಬೆಂಗಾವಲಿಗ ಹಡ್ನರ್. ಮಿಸಿಸಿಪಿಯಲ್ಲಿ ಒಂದೇ ಶಾಲೆಯ ಮೆಟ್ಟಿಲನ್ನು ಹತ್ತಲು ಕಾನೂನು ಬಿಡದಿದ್ದ ಇಬ್ಬರು ತರುಣರು ಆಕಾಶದಲ್ಲಿ ಹೀಗೆ ಒಬ್ಬರ ಪ್ರಾಣಕ್ಕೆ ಒಬ್ಬರು ಹೊಣೆಯಾದರು. ಹುಟ್ಟಿನಿಂದ ಬಂದ ಮೇಲುಕೀಳನ್ನು ಕಾಯಕದ ಮುಂದೆ ಅಲ್ಲಗಳೆದ ಪರಂಪರೆಯಲ್ಲಿ ಬೆಳೆದವರಿಗೆ ಈ ಜೋಡಿಯ ಏರ್ಪಾಟು ಅಪರಿಚಿತವೆನಿಸದು.

೧೯೫೦ರ ಜೂನ್ ೨೫ರಂದು ಕೊರಿಯಾ ಯುದ್ಧ ಆರಂಭವಾಯಿತು. ಆಗ ಮೆಡಿಟರೇನಿಯನ್ ಸಮುದ್ರದಲ್ಲಿದ್ದ ‘ಲೇಟೆ’ಯನ್ನು ಹಿಂದಕ್ಕೆ ಕರೆಸಿ ಪೂರ್ವಕ್ಕೆ ಕಳುಹಿಸಲಾಯಿತು, ಅಕ್ಟೋಬರಿನಲ್ಲಿ ಅದು ಯುದ್ಧರಂಗವನ್ನು ಸೇರಿತು. ನವೆಂಬರ್ ಕೊನೆಯಲ್ಲಿ ಚೀನಾದ ಸೈನ್ಯವು ಗಡಿಯನ್ನು ದಾಟಿ ಬಂದು ಉತ್ತರ ಕೊರಿಯಾದ ಬೆಟ್ಟಗಳ ನಡುವಿನ ಚಾಂಗ್‌ಜಿನ್ ಜಲಾಶಯದ ಸುತ್ತ ವಿಶ್ವಸಂಸ್ಥೆಯ ಪಡೆಗಳನ್ನು ಮುತ್ತಿತು. ಜಪಾನೀ ನಕಾಶೆಗಳಲ್ಲಿದ್ದ ‘ಚೋಸಿನ್’ ಎಂಬ ಹೆಸರಿನಿಂದಲೇ ಆ ಕದನ ಪ್ರಸಿದ್ಧವಾಗಿದೆ. ಸುಮಾರು ಮೂವತ್ತು ಸಾವಿರ ಮಂದಿಯ ಸುತ್ತ ಲಕ್ಷಕ್ಕೂ ಮಿಕ್ಕ ಶತ್ರುಗಳು. ಇರುವುದೊಂದೇ ಇಕ್ಕಟ್ಟಾದ ದಾರಿ. ಚಳಿಯೋ ಬಂದೂಕಿನ ಎಣ್ಣೆಯೂ ಹೆಪ್ಪುಗಟ್ಟುವಂತಹುದು. ಹಿಂದೆಗೆಯುತ್ತಿದ್ದ ಆ ಸೈನಿಕರಿಗೆ ಮೇಲಿನಿಂದ ಬರುವ ವಿಮಾನಗಳೇ ದೊಡ್ಡ ಆಸರೆ.

ಇದೇ ವಾರದಲ್ಲಿ ಕೊರಿಯಾದ ಪಶ್ಚಿಮ ಭಾಗದಲ್ಲಿ ಭಾರತೀಯರೂ ಇದ್ದರೆಂಬುದು ಅನೇಕರಿಗೆ ತಿಳಿಯದು. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನೇತೃತ್ವದ ಅರವತ್ತನೆಯ ಪ್ಯಾರಾಚೂಟ್ ವೈದ್ಯದಳವು ಪ್ಯೊಂಗ್‌ಯಾಂಗ್ ನಗರವನ್ನು ಬಿಟ್ಟು ಹಿಂದೆಗೆಯಬೇಕಾಗಿ ಬಂದಾಗ, ವಾಹನಗಳಿಲ್ಲದೆ, ಒಂದು ಹಳೆಯ ಉಗಿಯಂತ್ರಕ್ಕೆ ಬಕೆಟ್ಟುಗಳಲ್ಲಿ ನೀರು ತುಂಬಿ, ಔಷಧ ಸಾಮಗ್ರಿಯನ್ನೆಲ್ಲ ರೈಲಿನಲ್ಲಿ ಹೇರಿಕೊಂಡು, ಸೇತುವೆಯನ್ನು ಒಡೆಯುವ ಮುನ್ನ ನದಿಯನ್ನು ದಾಟಿತು. ಮುಂದೆ ೧೯೫೩ರಲ್ಲಿ ಯುದ್ಧಕೈದಿಗಳ ಪ್ರಶ್ನೆಯನ್ನು ಪರಿಹರಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ವೀರ, ಜನರಲ್ ತಿಮ್ಮಯ್ಯನವರು.

ಡಿಸೆಂಬರ್ ೩ರ ರಾತ್ರಿ ಬ್ರೌನನು ಹೆಂಡತಿಗೆ ಕಾಗದ ಬರೆದನು. ಮರುದಿನ ಮಧ್ಯಾಹ್ನ ಒಂದೂವರೆ ದಾಟಿದ ಮೇಲೆ ಆರು ಕೋರ್ಸೇರ್‌ಗಳು ‘ಲೇಟೆ’ಯಿಂದ ಹೊರಟುವು. ಜಲಾಶಯಕ್ಕೆ ಸುಮಾರು ನೂರು ಮೈಲಿ. ಅಲ್ಲಿ ಶತ್ರುಗಳ ಸುಳಿವನ್ನು ಹುಡುಕುತ್ತ ಬೆಟ್ಟಗಳಿಗೆ ತಾಗುವಷ್ಟು ಕೆಳಗೆ ಹಾರುತ್ತಿದ್ದಾಗ, ಬ್ರೌನನ ವಿಮಾನದಿಂದ ಇಂಧನ ಸೋರುತ್ತಿದೆಯೆಂದು ಜೊತೆಗಾರನೊಬ್ಬನು ರೇಡಿಯೋದಲ್ಲಿ ಎಚ್ಚರಿಸಿದನು. ನೆಲದಿಂದ ಬಂದ ಯಾವುದೋ ಗುಂಡು ತಗುಲಿತ್ತು. ಎತ್ತರದಲ್ಲಿದ್ದಿದ್ದರೆ ಪ್ಯಾರಾಚೂಟಿನಿಂದ ಹಾರಬಹುದಿತ್ತು. ಸಮುದ್ರ ಹತ್ತಿರವಿದ್ದಿದ್ದರೆ ನೀರಿನಲ್ಲಿಳಿಯಬಹುದಿತ್ತು. ಎರಡೂ ಇಲ್ಲ. ಯಂತ್ರ ನಿಂತ ಕೋರ್ಸೇರ್ ಗಾಳಿಯಲ್ಲಿ ತೇಲುವ ವಿಮಾನವಲ್ಲ, ಅದು ಏಳು ಟನ್ನಿನ ಕಬ್ಬಿಣ. ಬೆಟ್ಟದ ಮಗ್ಗುಲಿನಲ್ಲಿ ಹಿಮ ಮುಚ್ಚಿದ ಒಂದು ಬಯಲನ್ನು ಆರಿಸಿ ಬ್ರೌನನು ವಿಮಾನವನ್ನು ಇಳಿಸಿದನು. ಬಡಿದ ರಭಸಕ್ಕೆ ಅದು ಮುರಿಯಿತು. ಮೇಲೆ ಸುತ್ತುತ್ತಿದ್ದ ಐವರು ಆತನು ಸತ್ತನೆಂದೇ ಭಾವಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳ ಸರಿಯಿತು, ಒಳಗಿನಿಂದ ಕೈ ಬೀಸಿತು. ಆದರೆ ಆತನು ಹೊರಗೆ ಬರಲಿಲ್ಲ. ಯಂತ್ರದ ಕಡೆಯಿಂದ ಹೊಗೆ ಏಳುತ್ತಿತ್ತು.

ಹಡ್ನರನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ತನ್ನ ವಿಮಾನದ ಭಾರವನ್ನೆಲ್ಲ ಕಳಚಿ, ಗಾಲಿಗಳನ್ನು ಮಡಿಚಿಕೊಂಡೇ, ಬ್ರೌನನ ವಿಮಾನದ ಸಮೀಪದಲ್ಲಿ ಹಿಮದ ಮೇಲೆ ಹೊಟ್ಟೆಯೂರಿ ಇಳಿದನು. ಸುಸ್ಥಿತಿಯಲ್ಲಿದ್ದ ಯುದ್ಧವಿಮಾನವನ್ನು ಶತ್ರುಗಳ ನಡುವೆ ಬೇಕೆಂದೇ ಕೆಡವುವುದು ಯಾವ ಸೈನ್ಯದ ನಿಯಮಕ್ಕೂ ಒಪ್ಪದ ಕೆಲಸ. ತಣ್ಣಗೆ ಕುಳಿತು ವಿಚಾರ ಮಾಡುವವರು ಇದನ್ನು ಅವಿವೇಕವೆಂದರೂ ಎನ್ನಬಹುದು. ಒಂದು ಪ್ರಾಣದ ಜೊತೆಗೆ ಇನ್ನೊಂದು ಪ್ರಾಣವೂ ಹೋಗುವ ಸಂಭವವೇ ಹೆಚ್ಚಾಗಿತ್ತು. ಇಳಿದ ಪೆಟ್ಟಿಗೆ ಹಡ್ನರನ ಬೆನ್ನಿಗೂ ನೋವಾಗಿತ್ತು.

ಹತ್ತಿರ ಹೋಗಿ ನೋಡಿದರೆ, ಜಜ್ಜಿಹೋದ ವಿಮಾನದ ಒಡಲಿನ ನಡುವೆ ಬ್ರೌನನ ಕಾಲು ಸಿಕ್ಕಿಕೊಂಡಿತ್ತು. ಪಟ್ಟಿಗಳನ್ನು ಬಿಚ್ಚಿಕೊಳ್ಳಲು ಆತನು ಕೈಗವಸು ತೆಗೆದಿದ್ದನು; ಬೆರಳುಗಳು ಸೆಟೆದುಹೋಗಿದ್ದುವು. ಹಡ್ನರನು ತನ್ನ ಉಣ್ಣೆಯ ಟೊಪ್ಪಿಗೆಯನ್ನು ಆತನ ತಲೆಗೆ ತೊಡಿಸಿ, ಕೊರಳ ವಸ್ತ್ರವನ್ನು ಕೈಗಳಿಗೆ ಸುತ್ತಿದನು. ಎಳೆದರೆ ಬರಲಿಲ್ಲ. ಬೊಗಸೆಯಲ್ಲಿ ಹಿಮವನ್ನು ತುಂಬಿ ತುಂಬಿ ಬೆಂಕಿಯ ಮೇಲೆ ಎರಚಿದನು. ತನ್ನ ವಿಮಾನಕ್ಕೆ ಓಡಿ, ಕೊಡಲಿಯನ್ನೂ ಬೆಂಕಿ ಆರಿಸುವ ಸಾಧನವನ್ನೂ ತರಬೇಕೆಂದು ರೇಡಿಯೋದಲ್ಲಿ ಕೇಳಿದನು. ಮೆರೀನ್ ಪಡೆಯ ಚಾರ್ಲ್ಸ್ ವಾರ್ಡ್ ಎಂಬ ಲೆಫ್ಟಿನೆಂಟನು ಹೆಲಿಕಾಪ್ಟರಿನಲ್ಲಿ ಅವೆರಡನ್ನೂ ತಂದನು. ಬೆಂಕಿ ಆರಿಸುವ ಡಬ್ಬಿ ಬೇಗನೆ ಬರಿದಾಯಿತು. ಕೊಡಲಿಯು ಲೋಹಕ್ಕೆ ಬಡಿದು ಹಿಂದಕ್ಕೆ ಸಿಡಿಯುತ್ತಿತ್ತು. ಮುಕ್ಕಾಲು ಗಂಟೆಯ ಕಾಲ ಇಬ್ಬರೂ ಹೆಣಗಿದರು. ಆ ಅವಧಿಯಲ್ಲೆಲ್ಲ ಬ್ರೌನನು ನರಳಲಿಲ್ಲ, ಗೋಗರೆಯಲಿಲ್ಲ ಎಂಬುದನ್ನು ಹಡ್ನರನು ಬಾಳಿನುದ್ದಕ್ಕೂ ಹೇಳಿದನು. ಪ್ರಜ್ಞೆ ಬರುತ್ತಿತ್ತು, ಹೋಗುತ್ತಿತ್ತು. ತಾನು ಪ್ರೀತಿಸುತ್ತೇನೆಂದು ಡೇಸಿಗೆ ತಿಳಿಸಬೇಕು ಎಂಬುದೇ ಆತನು ಆಡಿದ ಕೊನೆಯ ಮಾತು.

ಅಂದಿನ ಹೆಲಿಕಾಪ್ಟರುಗಳು ಆ ಬೆಟ್ಟಗಳ ನಡುವೆ ರಾತ್ರಿಯಲ್ಲಿ ಹಾರಬಲ್ಲವಾಗಿರಲಿಲ್ಲ. ಕತ್ತಲೆಯಾದರೆ ಮೂವರೂ ಅಲ್ಲಿಯೇ ಹೆಪ್ಪುಗಟ್ಟುವುದು ನಿಶ್ಚಯ. ಬ್ರೌನನು ನಿಶ್ಚೇಷ್ಟಿತನಾಗಿದ್ದನು. ಸಲಕರಣೆ ತರುತ್ತೇವೆಂದು ಆತನಿಗೆ ಹೇಳಿ ಹಡ್ನರನು ಹೆಲಿಕಾಪ್ಟರ್ ಏರಿದನು. ಆ ಮಾತು ಆತನ ಕಿವಿಗೆ ಬಿತ್ತೋ ಇಲ್ಲವೋ. ಮತ್ತೆ ಅಲ್ಲಿಗೆ ಹೋಗಲು ಹಡ್ನರನು ಬೇಡಿಕೊಂಡರೂ, ಸುತ್ತಲೂ ಶತ್ರುಗಳಿದ್ದುದರಿಂದ ಅನುಮತಿ ಸಿಗಲಿಲ್ಲ. ಡಿಸೆಂಬರ್ ೭ರಂದು ‘ಲೇಟೆ’ಯ ವಿಮಾನಗಳು ಆ ಬಯಲಿನ ಮೇಲೆ ಹಾರಿ, ವೈಮಾನಿಕರು ಕ್ರೈಸ್ತ ಪ್ರಾರ್ಥನೆಯನ್ನು ಪಠಿಸುತ್ತಿರಲು, ಮುರಿದ ವಿಮಾನದ ಮೇಲೆ ಬೆಂಕಿಯ ಬಾಂಬುಗಳನ್ನು ಸುರಿದುವು. ಗೆಳೆಯರು ಸಲ್ಲಿಸಿದ ಅಂತ್ಯಸಂಸ್ಕಾರ ಅದು.

ನಿಯಮ ಮುರಿದ ಹಡ್ನರನನ್ನು ಹಡಗಿನ ಕಪ್ತಾನ ಸಿಸನ್ ದಂಡಿಸಲಿಲ್ಲ; ದೇಶದ ಅತ್ಯುನ್ನತ ಶೌರ್ಯಪದಕಕ್ಕೆ ಶಿಫಾರಸು ಮಾಡಿದನು. ೧೯೫೧ರ ಏಪ್ರಿಲ್ ೧೩ರಂದು ಅಧ್ಯಕ್ಷ ಟ್ರೂಮನ್ನರು ಅದನ್ನು ಹಡ್ನರನ ಕೊರಳಿಗೆ ತೊಡಿಸಿದಾಗ ಡೇಸಿ ಬ್ರೌನಳು ಅಲ್ಲಿದ್ದಳು. ಬ್ರೌನನಿಗೆ ಮರಣಾನಂತರ ವಿಶಿಷ್ಟ ಹಾರಾಟದ ಶಿಲುಬೆಯ ಪದಕವೂ ಇತರ ಗೌರವಗಳೂ ಸಂದುವು. ಫಾಲ್ ರಿವರಿನ ಜನರು ತಮ್ಮೂರಿನ ವೀರನಿಗೆ ಸಾವಿರ ಡಾಲರುಗಳ ಕಾಣಿಕೆಯಿತ್ತರು. ಹಡ್ನರನು ಆ ಹಣವನ್ನು ಡೇಸಿಗೆ ಕೊಟ್ಟನು, ಆಕೆಯ ಓದು ಮುಂದುವರಿಯಲೆಂದು. ಆಕೆ ಓದಿ ಶಿಕ್ಷಕಿಯಾದಳು. ದಾನ ಎಲ್ಲಿಗೆ ಹೋಗಿ ಸೇರಿತೆಂದು ಫಾಲ್ ರಿವರಿನ ದಾನಿಗಳು ಚಿಂತಿಸಬೇಕಾದ ಪ್ರಸಂಗವೇ ಬರಲಿಲ್ಲ.

ಬ್ರೌನನ ಹೆಸರನ್ನು ಹೊತ್ತ ಯುದ್ಧನೌಕೆಯೊಂದನ್ನು ೧೯೭೨ರ ಮಾರ್ಚಿನಲ್ಲಿ ಡೇಸಿಯೇ ನಾಮಕರಣ ಮಾಡಿ ನೀರಿಗಿಳಿಸಿದಳು. ೧೯೭೩ರ ಫೆಬ್ರವರಿ ೧೭ರಂದು ಅದು ಸೇವೆಗೆ ಸೇರಿದಾಗ ಮಾತನಾಡಿದವನು ಹಡ್ನರ್. ೧೯೯೪ರಲ್ಲಿ ಆ ನೌಕೆ ಈಜಿಪ್ಟಿನ ಪಾಲಾಗಿ ಬೇರೆ ಹೆಸರನ್ನು ಪಡೆಯಿತು. ಹಡಗುಗಳ ಆಯುಸ್ಸು ಅಷ್ಟೇ. ಮನುಷ್ಯನ ಮಾತಿನ ಆಯುಸ್ಸು ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ೨೦೧೩ರ ಜುಲೈನಲ್ಲಿ, ಎಂಬತ್ತೆಂಟು ವರ್ಷದ ಹಡ್ನರನು ಬ್ರೌನನ ಅವಶೇಷಗಳನ್ನು ತರಲು ಉತ್ತರ ಕೊರಿಯಾಕ್ಕೆ ಹೋದನು. ಪ್ಯೊಂಗ್‌ಯಾಂಗ್‌ವರೆಗೆ ತಲುಪಿಯೂ ಆಯಿತು. ಮಳೆಗೆ ದಾರಿಗಳು ಕೊಚ್ಚಿಹೋಗಿದ್ದುವು. ಹವೆ ತಿಳಿಯಾದ ಮೇಲೆ ಬರಬೇಕೆಂದು ಅಲ್ಲಿನ ಅಧಿಕಾರಿಗಳು ಹೇಳಿದರು. ೨೦೧೪ರಲ್ಲಿ ಡೇಸಿ ತೀರಿಕೊಂಡಳು. ೨೦೧೭ರ ನವೆಂಬರ್ ೧೩ರಂದು, ತೊಂಬತ್ತಮೂರನೆಯ ವಯಸ್ಸಿನಲ್ಲಿ ಹಡ್ನರನೂ ತೀರಿಕೊಂಡನು. ಮರುವರ್ಷ ಏಪ್ರಿಲ್ ೪ರಂದು ಆರ್ಲಿಂಗ್‌ಟನ್ನಿನ ಸೈನಿಕ ಸ್ಮಶಾನದಲ್ಲಿ ಆತನನ್ನು ಮಣ್ಣು ಮಾಡಿದರು. ೨೦೧೮ರ ಡಿಸೆಂಬರ್ ೧ರಂದು ಬಾಸ್ಟನ್ ಬಂದರಿನಲ್ಲಿ ಹಡ್ನರನ ಹೆಸರಿನ ಹೊಸ ಯುದ್ಧನೌಕೆ ಸೇವೆಗೆ ಸೇರಿತು. ಜೆಸ್ಸಿ ಬ್ರೌನನು ಚಾಂಗ್‌ಜಿನ್ ಜಲಾಶಯದ ಬಳಿಯ ಆ ಬೆಟ್ಟದ ಮೇಲೆಯೇ ಉಳಿದಿದ್ದಾನೆ.